ಸೊಲ್ಲಾಪುರದಿಂದ ತಿರುಗಿ ಬಂದವರು

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಸವಕಲ್ಯಾಣದ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಳೆದ ವರ್ಷ ನಾವು ಕೆಲವು ಅಧ್ಯಾಪಕರು ಸೇರಿ ತಿಂಗಳಿಗೊಂದು ಶನಿವಾರ ವಿದ್ಯಾರ್ಥಿಗಳಿಗೆ ಹೊರದೇಶದ ಹಳೆಯ ಸಿನಿಮಾ ತೋರಿಸುತ್ತಿದ್ದೆವು. ಮುಗಿದ ಮೇಲೆ ನಮ್ಮಲ್ಲೊಬ್ಬರು ಅದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು.

ನನ್ನ ಸರದಿಗೆ ಬಂದದ್ದು ಯುದ್ಧ ಮುಗಿದ ಮರುವರ್ಷ ನಡೆಯುವ ಕಥೆ. ಬಟ್ಟೆ ಒಗೆದುಕೊಡುವ ಅಂಗಡಿ ಇಟ್ಟುಕೊಂಡ ಒಬ್ಬಳು ಹೆಂಗಸು. ಸೈನ್ಯಕ್ಕೆ ಹೋದ ಅವಳ ಅಣ್ಣ ಸೆರೆಸಿಕ್ಕು ಸುದ್ದಿಯಿಲ್ಲದೆ ಹೋಗಿದ್ದಾನೆ. ಒಂದು ದಿನ ಸೊರಗಿದ ಗಂಡಸೊಬ್ಬ ಬಾಗಿಲಿಗೆ ಬಂದು, ನಿನ್ನ ಅಣ್ಣ ನಾನೇ ಎನ್ನುತ್ತಾನೆ. ಅವಳು ಅವನನ್ನು ಕುರ್ಚಿಯಲ್ಲಿ ಕೂಡಿಸಿ ಕೂದಲು ಕತ್ತರಿಸುತ್ತಾಳೆ. ಅಣ್ಣನಾದರೆ ಕಿವಿಯ ಹಿಂದೆ ಚಿಕ್ಕಂದಿನ ಗಾಯದ ಕಲೆ ಇರಬೇಕು. ಕ್ಯಾಮೆರಾ ಕಿವಿಯನ್ನು ತೋರಿಸುವುದಿಲ್ಲ, ಅವಳ ಮುಖವನ್ನು ತೋರಿಸುತ್ತದೆ. ಕತ್ತರಿ ಒಂದು ಕ್ಷಣ ನಿಂತು ಮತ್ತೆ ಆಡತೊಡಗುತ್ತದೆ. ಅವನು ಅಲ್ಲೇ ಉಳಿಯುತ್ತಾನೆ. ಯಾರೆಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ.

ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು, ಅವನೇ ಎನ್ನಲು ಕಾರಣಗಳನ್ನು ಒಂದು ಬದಿಗೆ, ಅವನಲ್ಲ ಎನ್ನಲು ಕಾರಣಗಳನ್ನು ಇನ್ನೊಂದು ಬದಿಗೆ ಬರೆದಿದ್ದೆ. ಎರಡನೆಯ ಬದಿಯೇ ತುಂಬಿತ್ತು. ಅವನು ಸುಳ್ಳುಗಾರ ಎಂದು ನಾನು ನಿರ್ಧರಿಸಿಯಾಗಿತ್ತು.

ಭಾನುವಾರ ಮಧ್ಯಾಹ್ನ ಅದನ್ನು ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದಾಗ ಆಯಿ ತೊಗರಿಬೇಳೆಯ ಮೊರ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕುಳಿತಳು. ಆಯಿ ಎಂದರೆ ನನ್ನ ತಂದೆಯ ತಾಯಿ, ಎಂಬತ್ತರ ಸುಮಾರು ವಯಸ್ಸು. ಅವರು ಏನಂದರು ಹೇಳು ಎಂದು ಪೀಡಿಸಿದ್ದಕ್ಕೆ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಚಿತ್ರ ಮುಗಿಯಿತು.

"ಮುಗೀತು? ಖರೇ ಅಂವ ಅಕಿ ಅಣ್ಣನೇ ಏನು?"

"ಅದನ್ನ ಹೇಳಂಗಿಲ್ಲ ಆಯಿ."

"ಮತ್ತ ಎರಡು ತಾಸು ಏನು ತೋರಿಸಿದ್ರು? ನನ್ನ ಬ್ಯಾಳಿನೂ ಹಸನ ಆಗಲಿಲ್ಲ." ಮೊರವನ್ನು ಕೆಳಗಿಟ್ಟಳು. "ಕೂದಲಾ ಕತ್ತರಿಸುವಾಗ ಅಕಿಗಿ ಗೊತ್ತಾಗ್ಯಾದ. ಹೇಳಲಿಲ್ಲ ಅಷ್ಟೇ."

"ಏನು ಗೊತ್ತಾಗ್ಯಾದ? ಅಂವ ಅಲ್ಲ ಅಂತನಾ?"

"ಅದು ನನಗ ಹ್ಯಾಂಗ ಗೊತ್ತಿರತದ? ಅಕಿಗಿ ಗೊತ್ತಾಗ್ಯಾದ ಅಂದೆ."

ಸ್ವಲ್ಪ ಹೊತ್ತು ಬಿಟ್ಟು ಆಯಿ ಎದ್ದು ದೇವರ ಕೋಣೆಗೆ ಹೋದಳು. ಬರುವಾಗ ಕೈಯಲ್ಲಿ ವಿಭೂತಿ ಇಡುವ ಹಳೆಯ ಹಿತ್ತಾಳೆ ಡಬ್ಬಿ ಇತ್ತು. ಅದರೊಳಗೆ ಹತ್ತಿಯ ಮೇಲೆ ಒಂದು ಇಷ್ಟಲಿಂಗ. ಅದನ್ನಿಟ್ಟು ಕೊರಳಿಗೆ ಕಟ್ಟುವ ಕರಡಿಗೆಯಾಗಲಿ ದಾರವಾಗಲಿ ಇರಲಿಲ್ಲ. ನಮ್ಮಲ್ಲಿ ಹೆಂಗಸು ಗಂಡಸು ಎಲ್ಲರೂ ಲಿಂಗ ಕಟ್ಟಿಕೊಳ್ಳುತ್ತೇವೆ. ಒಬ್ಬರ ಲಿಂಗ ಇನ್ನೊಬ್ಬರಿಗೆ ಬರುವುದಿಲ್ಲ. ಸತ್ತಾಗ ಕುಳ್ಳಿರಿಸಿ, ಅವರವರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಹಾಗಾಗಿ ಕಟ್ಟಿಕೊಂಡವರಿಲ್ಲದ ಲಿಂಗ ಒಂದು ಮನೆಯಲ್ಲಿ ಉಳಿಯುವಂತೆಯೇ ಇಲ್ಲ.

"ಯಾರದು ಇದು?"

"ನಮ್ಮ ಅಪ್ಪಂದು."

ಆಯಿ ಹೇಳಿದ್ದು ಇಷ್ಟು. ಅವರ ಊರು ಮುಡಬಿಯ ಹತ್ತಿರದ ಹಳ್ಳಿ. ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದಲ್ಲಿ ಊರಿನ ಗಂಡಸರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಆಯಿಗೆ ಆಗ ಎರಡು ವರ್ಷ. ದಾರಿಯಲ್ಲಿ ಯಾರೂ ಗುರುತು ಹಿಡಿಯಬಾರದೆಂದು ಅವಳ ಅಪ್ಪ ಕೊರಳಿನ ಲಿಂಗ ತೆಗೆದು ಹೆಂಡತಿಯ ಕೈಗೆ ಕೊಟ್ಟು ಹೋದರು. ಗದ್ದಲ ಮುಗಿಯಿತು, ಉಳಿದವರು ಬಂದರು, ಅವರು ಬರಲಿಲ್ಲ. ಆಯಿಗೆ ಐದು ತುಂಬಿದ ಮೇಲೆ ಒಬ್ಬರು ಬಂದರು. ಮುಖದ ತುಂಬ ಸಿಡುಬಿನ ಕಲೆ, ಮಾತು ಕಡಿಮೆ. ಕಣ್ಣು ಮಂಜಾದ ಮುದಿತಾಯಿ ತಲೆ ಸವರಿ ನನ್ನ ಮಗನೇ ಎಂದಳು. ಊರಲ್ಲಿ ಕೆಲವರು ಹೌದು ಎಂದರು, ಕೆಲವರು ಅಲ್ಲ ಎಂದರು. ಹೋಗುವಾಗ ಸೂಜಿ ಹಿಡಿಯಲು ಬಾರದವರು ಈಗ ಕೌದಿ ಹೊಲಿಯುತ್ತಿದ್ದರು. ಕೇಳಿದರೆ ಸೊಲ್ಲಾಪುರದಾಗ ಕಲಿತೆ ಎನ್ನುತ್ತಿದ್ದರು.

"ಅವ್ವ ಅವರಿಗಿ ಲಿಂಗ ತಿರುಗಿ ಕೊಡಲಿಲ್ಲ," ಆಯಿ ಅಂದಳು. "ಮಠದ ಅಯ್ಯನವರನ್ನ ಕರೆಸಿ ಹೊಸಾದು ಕಟ್ಟಿಸಿದಳು. ಆ ಹೊಸಾದೇ ಕೈಯಾಗಿಟ್ಟು ಮಣ್ಣು ಮಾಡೇವಿ. ಅವ್ವ ಸಾಯುವಾಗ ಇದನ್ನ ನನ್ನ ಕೈಯಾಗ ಕೊಟ್ಟಳು. ಒಂದು ಮಾತು ಹೇಳಲಿಲ್ಲ."

ನಾನು ಆ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದೆ. ತಿರುಗಿ ಕೊಡಲಿಲ್ಲವೆಂದರೆ ಗಂಡನಲ್ಲವೆಂದು ಆಕೆಗೆ ತಿಳಿದಿತ್ತು. ಆದರೆ ಮೈಬಿಟ್ಟ ಲಿಂಗವನ್ನು ಮತ್ತೆ ಕಟ್ಟಬಾರದು, ಹೊಸ ದೀಕ್ಷೆಯೇ ಆಗಬೇಕು ಎಂದು ಅಯ್ಯನವರು ಹೇಳಿದ್ದರೆ? ಆಗ ಗಂಡನಾದರೂ ಹೊಸದೇ ಕಟ್ಟಬೇಕಾಗುತ್ತಿತ್ತು. ಎರಡೂ ಬದಿಯಲ್ಲಿ ಒಂದೊಂದೇ ಸಾಲು.

ಆಯಿ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. "ಬರದು ಏನು ಮಾಡತಿ? ನಾ ಹೋದ ಮ್ಯಾಲ ಯಾರರೆ ಈ ಡಬ್ಬಿ ತೆಗೆದು ಕಲ್ಲು ಅಂತ ಬಿಸಾಡತಾರ. ಇದನ್ನ ಎಲ್ಲಿ ಮುಟ್ಟಿಸಬೇಕು, ಅದು ಹೇಳು. ಅಂವ ಅಪ್ಪನೇ ಇದ್ರ ಅಪ್ಪನ ಗದ್ದುಗಿಗಿ ಹೋಗಬೇಕು. ಅಲ್ಲದಿದ್ರ ಬ್ಯಾರೆಯವರ ಲಿಂಗ ಅವರ ಮಣ್ಣಾಗ ಇಟ್ಟಂಗ ಆಗತದ. ಅದು ಇಬ್ಬರಿಗೂ ಮಾಡೋ ಅಪಚಾರ."

ಚಿಟಗುಪ್ಪದ ಮುತ್ಯಾನನ್ನು ಕೇಳೋಣ ಎಂದೆ. ಆಯಿಯ ತಮ್ಮ ಅವರು, ಅಂಗಡಿಯನ್ನು ಮಗನಿಗೆ ಬಿಟ್ಟು ಈಗ ಮನೆಯಲ್ಲೇ ಇರುತ್ತಾರೆ. ಆಯಿಯ ಮುಖ ಗಟ್ಟಿಯಾಯಿತು.

"ಅಂವ ಆಮ್ಯಾಲ ಹುಟ್ಟಿದವ. ಅವನಿಗಿ ಇದು ಗೊತ್ತಿಲ್ಲ. ಗೊತ್ತಾದ್ರ ತನ್ನ ಅಪ್ಪ ಯಾರು, ತನ್ನ ಅವ್ವ ಎಂಥಾಕಿ ಅಂತ ಈ ವಯಸ್ಸಿನಾಗ ಕುಂತು ಯೋಚನಿ ಮಾಡಬೇಕೇನು?"

ಇಷ್ಟು ವರ್ಷ ಡಬ್ಬಿಯನ್ನು ಬಚ್ಚಿಟ್ಟ ಕಾರಣ ಅದು. ಶನಿವಾರ ಕಾಲೇಜಿನಲ್ಲಿ ಮಾತಾಡುವಾಗ ಅವನು ಸುಳ್ಳುಗಾರ ಎಂಬ ನನ್ನ ತೀರ್ಮಾನವನ್ನು ಬಿಟ್ಟೆ. ಆ ತಂಗಿಗೆ ತಿಳಿದಿತ್ತು, ಏನು ಎಂಬುದು ನನಗೆ ಗೊತ್ತಿಲ್ಲ ಎಂದೆ. ಒಬ್ಬ ವಿದ್ಯಾರ್ಥಿನಿ, "ಹಂಗಾದ್ರ ಪರೀಕ್ಷಾದಾಗ ಏನು ಬರೀಬೇಕ್ರಿ ಮೇಡಂ?" ಎಂದು ಕೇಳಿದಳು. ಎಲ್ಲರೂ ನಕ್ಕರು.

ಮುಂದಿನ ತಿಂಗಳು, ಸೊಲ್ಲಾಪುರದಿಂದ ಬಂದ ಆ ಹಿರಿಯರ ಪುಣ್ಯತಿಥಿ ಬಂತು. ಪ್ರತಿವರ್ಷ ಮುತ್ಯಾ ಒಬ್ಬರೇ ಹೋಗಿ ಹೊಲದಲ್ಲಿ ಅವರನ್ನು ಮಣ್ಣು ಮಾಡಿದ ಗದ್ದುಗೆಗೆ ಪೂಜೆ ಮಾಡಿ ಬರುತ್ತಾರೆ. ಈ ಸಲ ನಾನೂ ಬರುತ್ತೇನೆ ಎಂದು ಆಯಿ ಹೊರಟಳು, ಜೊತೆಗೆ ನಾನು. ಮುಡಬಿಯವರೆಗೆ ಬಸ್ಸು, ಅಲ್ಲಿಂದ ಶೇರ್ ಆಟೊ. ಡಬ್ಬಿ ಅವಳ ಚೀಲದಲ್ಲಿತ್ತು. ತಮ್ಮ ಕಾಣದಿದ್ದಾಗ ಗದ್ದುಗೆಯ ಪಕ್ಕ ಅಗೆದು ಇಟ್ಟುಬಿಡುವುದು ಅವಳ ಲೆಕ್ಕಾಚಾರ. ತಿರುಗಿ ಬಂದವರು ಅಪ್ಪನೇ ಎಂದು ತೀರ್ಮಾನಿಸಿದೆಯಾ ಎಂದು ಕೇಳಿದ್ದಕ್ಕೆ, "ಇನ್ನಾ ಇಲ್ಲ" ಎಂದಳು.

ಮುತ್ಯಾ ಆಗಲೇ ಬಂದು ಕಸ ಕಿತ್ತು ಕಲ್ಲುಗಳನ್ನು ತೊಳೆದಿದ್ದರು.

"ಏನಕ್ಕಾ, ಮಣಕಾಲು ನೋವು ಅಂತ ನನ್ನ ಮೊಮ್ಮಗನ ಮದವಿಗಿ ಬರಲಿಲ್ಲ, ಇಲ್ಲಿಗಿ ಓಡಿ ಬಂದಿ?"

"ನಿನ್ನ ಮನಿ ಹುಗ್ಗಿ ಉಂಡು ಇನ್ನೂ ಯಾರೂ ಎದ್ದಿಲ್ಲಂತ. ನನಗ ಜೀವದ ಆಶಾ ಅದನೋ ತಮ್ಮಾ."

ಪೂಜೆಯಾಯಿತು. ಮುತ್ಯಾ ಕೊಡ ಹಿಡಿದು ಬಾವಿಯ ಕಡೆ ಹೋದರು. ಆಯಿ ಕೂತಲ್ಲೇ ಅವರು ಕಸ ಕಿತ್ತ ಕುರ್ಪಿಯಿಂದ ಗದ್ದುಗೆಯ ಬಲಬದಿಯ ಮಣ್ಣು ಕೆದರತೊಡಗಿದಳು. ನೆಲ ಗಟ್ಟಿಯಿತ್ತು. ನಾನು ಕೈಹಾಕುವಷ್ಟರಲ್ಲಿ ಮುತ್ಯಾ ತಿರುಗಿ ಬಂದರು. ಹತ್ತಿಯ ಮೇಲಿನ ಲಿಂಗ ಬಯಲಿನಲ್ಲೇ ಇತ್ತು. ಆಯಿ ಅದರ ಮೇಲೆ ಸೆರಗು ಮುಚ್ಚಿದಳು.

ಮುತ್ಯಾ ಕೊಡ ಇಳಿಸಿದರು. "ಮುಚ್ಚಬ್ಯಾಡ. ನನಗ ಅದು ಗೊತ್ತದ."

"ಏನು ಗೊತ್ತದ ನಿನಗ?"

"ಅವ್ವನ ಡಬ್ಬಿದು. ದಿನಾ ನಸುಕಿನಾಗ ಅವ್ವ ದನದ ಹೆಂಡಿ ಬಳಿಲಾಕ ಹೊರಗ ಹೋದಾಗ ಅಪ್ಪ ಅದನ್ನ ತೆಗೀತಿದ್ದ. ತನ್ನದರ ಪೂಜಾ ಆದ ಮ್ಯಾಲ ಇದಕ್ಕೂ ನೀರು ಹಾಕಿ, ವಿಭೂತಿ ಹಚ್ಚಿ, ಹಂಗೇ ಇಡತಿದ್ದ. ಅವ್ವಗ ಹೇಳಬ್ಯಾಡ ಅಂತ ನನಗ ಬೆಲ್ಲ ಕೊಡತಿದ್ದ."

ಆಯಿ ಲಿಂಗದ ಮೇಲಿನ ಸೆರಗು ತೆಗೆದಳು. "ಊರಿನವರು ಅಂದದ್ದು ನೀ ಕೇಳಿಯೇನು?"

"ಸಾಲಿ ಹುಡುಗರೇ ಅಂತಿದ್ದರು. ಹೊಡದು ಬಂದೀನಿ, ಹೊಡಸ್ಕೊಂಡೂ ಬಂದೀನಿ. ನಿನಗ ಗೊತ್ತಾದ್ರ ಸಂಕಟ ಆಗತದ ಅಂತ ಹೇಳಲಿಲ್ಲ."

ಬಿಟ್ಟು ಹೋದ ತನ್ನದೇ ಲಿಂಗಕ್ಕೆ ಆ ಮನುಷ್ಯ ದಿನವೂ ನೀರೆರೆದನೋ, ಅಥವಾ ತಾನು ಹೊಕ್ಕ ಮನೆಯ ಸತ್ತ ಯಜಮಾನನಿಗೋ ಎಂದು ನಾನು ಯೋಚಿಸಿದೆ. ಅವರಿಬ್ಬರಿಗೂ ಆ ಪ್ರಶ್ನೆ ನನಗಿಂತ ಮೊದಲೇ ಹೊಳೆದಿರುತ್ತದೆ.

ಮುತ್ಯಾ ಆಯಿಯ ಕೈಯಿಂದ ಕುರ್ಪಿ ತೆಗೆದುಕೊಂಡು ಅವಳು ಕೆದರಿದ ಜಾಗ ನೋಡಿದರು. "ಇಲ್ಲೇ ಏನು, ಬಾಜೂಕ?"

"ಬಾಜೂಕ ಬ್ಯಾಡ," ಆಯಿ ಅಂದಳು. ಗದ್ದುಗೆಯ ಮುಂದೆ ಸರಿದು, ಒಳಗೆ ಕುಳಿತವರ ಎಡಗೈ ಎಲ್ಲಿರಬಹುದೆಂದು ಗೇಣು ಹಾಕಿ ಅಳೆದು, ಒಂದು ಕಡೆ ಬೆರಳಿಟ್ಟಳು. "ಇಲ್ಲಿ ಅಗಿ."

ಅವರು ಮೊಳದಷ್ಟು ಅಗೆದರು. ಆಯಿ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಬಗ್ಗಿ ತಾನೇ ಒಳಗಿಟ್ಟಳು. "ಅಪ್ಪಾ, ತಗೋ" ಎಂದಳು. ಮಣ್ಣನ್ನು ಇಬ್ಬರೂ ಸೇರಿ ಕೈಯಿಂದಲೇ ಎಳೆದರು.