ಪೊರ್ಬುಗಳು ಕೇಳುದಿಲ್ಲ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಬಾವಿಕಟ್ಟೆಯ ಹತ್ತಿರ ಕೂತು ಹಿತ್ತಾಳೆಯ ದೀಪಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು. ನಾನು ಜಗಲಿಯಲ್ಲಿ ಪೇಪರು ಹಿಡಿದುಕೊಂಡಿದ್ದೆ. ಹುಳಿಯೂ ಲೋಹವೂ ಸೇರಿದಾಗ ಒಂದು ವಾಸನೆ ಬರುತ್ತದಲ್ಲ, ನಾಲಗೆಯ ಬದಿಯಲ್ಲಿ ನೀರು ತರಿಸುವಂಥದ್ದು, ಅದು ಬಂತು. ದೀಪ ತಿಕ್ಕುವ ವಾಸನೆಗೆ ಮನುಷ್ಯನಿಗೆ ದೇವರ ನೆನಪಾಗಬೇಕು. ನನಗೆ ಪಿಯೂಸ್ ಪೊರ್ಬುಗಳ ನೆನಪಾಯಿತು.

ಪೊರ್ಬುಗಳು ಅಂದರೆ ಗಾಬರಿ ಬೇಡ. ನಮ್ಮ ಬಂಟ್ವಾಳದ ಕಡೆ ಹಿರಿಯ ಕ್ರಿಶ್ಚಿಯನ್ನರನ್ನು ಕರೆಯುವುದೇ ಹಾಗೆ. ಪಿಯೂಸ್ ಪೊರ್ಬುಗಳು ನಮ್ಮ ರಸಮಂಜರಿ ತಂಡದ ಡ್ರಮ್ಮರ್. ಪ್ರತಿ ಪ್ರೋಗ್ರಾಮಿನ ಹಿಂದಿನ ದಿನ, ಡ್ರಮ್ಮಿನ ಜೊತೆ ಹೊಡೆಯುವ ತಮ್ಮ ಎರಡು ಹಿತ್ತಾಳೆಯ ತಟ್ಟೆಗಳನ್ನು, ಅಂದರೆ ಸಿಂಬಲ್ಸನ್ನು, ಅಂಗಳದಲ್ಲಿ ಮಲಗಿಸಿ, ಹುಣಸೆಹುಳಿ ಹಾಕಿ, ಕೈ ಕೆಂಪಾಗುವಷ್ಟು ಉಜ್ಜುತ್ತಿದ್ದರು. ದೊಡ್ಡದಕ್ಕೆ ಅಂಚಿನಲ್ಲಿ ಒಂದು ಬಿರುಕು ಬಿದ್ದಿತ್ತು. ಬಿರುಕು ಮುಂದೆ ಹೋಗದ ಹಾಗೆ ಮೆಲ್ಕಾರಿನ ವೆಲ್ಡಿಂಗ್ ಶಾಪಿನಲ್ಲಿ ಅದರ ತುದಿಗೆ ಒಂದು ಸಣ್ಣ ತೂತು ಕೊರೆಸಿದ್ದರು. "ಮೂಗು ಚುಚ್ಚಿಸಿದ್ದೇನೆ ಮಾಷ್ಟ್ರೆ, ಇನ್ನು ಇವಳಿಗೆ ಮದುವೆ ಮಾಡ್ಲಿಕ್ಕೆ ಅಡ್ಡಿಯಿಲ್ಲ" ಎಂದು ನನಗೆ ತೋರಿಸಿದ್ದರು.

ಮಾಷ್ಟ್ರು ನಾನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸಂಜೆಗೆ ಕೀಬೋರ್ಡು, ರಜೆಯಲ್ಲಿ ತಂಡದ ಯಜಮಾನಿಕೆ. ಎರಡರಲ್ಲಿಯೂ ನನ್ನಷ್ಟು ತಿಳಿದವರಿಲ್ಲ ಎಂಬ ಭಾವನೆ ಆಗ ನನಗೆ ಇತ್ತು. ಅದೆಲ್ಲ ಎಂಬತ್ತು-ತೊಂಬತ್ತರ ದಶಕದ ಮಾತು. ಬೆಳ್ತಂಗಡಿಯಲ್ಲಿ ಗಣೇಶೋತ್ಸವ, ಮೂಡಬಿದ್ರೆಯಲ್ಲಿ ಮದುವೆ, ನೆರಿಯದ ಶಾಲೆಯಲ್ಲಿ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಒಂದು ಟೆಂಪೋದಲ್ಲಿ ನಾವು ಏಳು ಜನ ಮತ್ತು ಆ ಡ್ರಮ್ ಸೆಟ್. ಡ್ರಮ್ಮು ತಂಡದ್ದು, ಸಿಂಬಲ್ಸ್ ಪೊರ್ಬುಗಳ ಸ್ವಂತದ್ದು. ಹಗಲು ಅವರಿಗೆ ಅಕ್ಕಿ ಮಿಲ್ಲಿನಲ್ಲಿ ಕೆಲಸ. ಮಿಲ್ಲಿನಿಂದ ಸೀದಾ ಬಂದರೆ ಹುಬ್ಬಿನ ಮೇಲೆ ತೌಡು ಕೂತಿರುತ್ತಿತ್ತು. ಸ್ಟೇಜಿಗೆ ಹತ್ತುವ ಮೊದಲು ಚಪ್ಪಲಿ ಬಿಡುವರು. ಬರಿಗಾಲಲ್ಲಿ ಪೆಡಲ್ ಒತ್ತುವರು. ಅದು ಭಕ್ತಿ ಎಂದು ನಾವು ತಿಳಿದಿದ್ದೆವು. ನಾನಂತೂ ಒಂದೆರಡು ಸಭೆಯಲ್ಲಿ ಅದನ್ನು ಹೊಗಳಿ ಮಾತಾಡಿದ್ದೇನೆ, ಏನು ಹೇಳುದು!

ಹೊಡೆತ ಮಾತ್ರ ಭಯಂಕರ. ವರ್ಷದಿಂದ ವರ್ಷಕ್ಕೆ ಜೋರಾಗುತ್ತಾ ಹೋಯಿತು. ಊಟದ ಪಂಕ್ತಿಯಲ್ಲಿ ಕೂತವರು ಬಡಿಸುವವನಿಗೆ "ಸಾಕು" ಎಂದರೆ ಅವನಿಗೆ ತಿಳಿಯದೆ ಇನ್ನೊಂದು ಸೌಟು ಬೀಳುತ್ತಿತ್ತು. ನಮ್ಮ ಹಾಡುಗಾರ್ತಿ ಶಾಲಿನಿ ಒಂದು ದಿನ ಅಳುವ ಹಾಗೆ ಹೇಳಿದಳು: "ಮಾಷ್ಟ್ರೆ, ಅವರು ಹೊಡೆಯುವಾಗ ನಾನು ಯಾವ ಶ್ರುತಿಯಲ್ಲಿದ್ದೇನೆ ಅಂತ ದೇವರಿಗೇ ಗೊತ್ತು. ಏನಾದ್ರೂ ಮಾಡಿ ಮಾರಾಯ್ರೆ."

ಆಗ ಬಂದವನು ಹಮೀದ್. ನನ್ನ ಜೊತೆ ಓದಿದವನು, ಗಲ್ಫಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿದ್ದ. ರಜೆಗೆ ಬರುವಾಗ ತಂಡಕ್ಕೆಂದು ಒಂದು ಎಲೆಕ್ಟ್ರಾನಿಕ್ ಡ್ರಮ್ ಸೆಟ್ ತಂದ. ಡ್ರಮ್ಮಿನ ಜಾಗದಲ್ಲಿ ಕಪ್ಪು ರಬ್ಬರಿನ ತಟ್ಟೆಗಳು, ಸಿಂಬಲ್ಸಿನ ಜಾಗದಲ್ಲಿಯೂ ರಬ್ಬರಿನದ್ದೇ, ಮತ್ತೆ ಎಲ್ಲದರ ವಯರು ಹೋಗಿ ಸೇರುವ ಒಂದು ಡಬ್ಬಿ. ನಮ್ಮ ಮನೆಯ ಚಾವಡಿಯಲ್ಲಿ ಜೋಡಿಸಿ ಹಮೀದ್ ಒಂದು ಬಟನ್ ಒತ್ತಿ ಕೋಲಿನಲ್ಲಿ ಮುಟ್ಟಿದ. ಗಾಜು ಒಡೆದ ಶಬ್ದ ಬಂತು. ನನ್ನ ಹೆಂಡತಿ "ಅಯ್ಯೋ, ಗ್ಲಾಸೆಲ್ಲ ಹೋಯ್ತು" ಎಂದು ಅಡುಗೆಮನೆಗೆ ಓಡಿದಳು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ತಬಲ ಬೇಕಾದರೆ ತಬಲ, ಗುಡುಗು ಬೇಕಾದರೆ ಗುಡುಗು, ಶಬ್ದ ಎಷ್ಟು ಬೇಕೋ ಅಷ್ಟೇ. ಡಬ್ಬಿಯ ಗುಂಡಿ ತಿರುಗಿಸಿದರೆ ಕಡಿಮೆ.

ಪೊರ್ಬುಗಳು ನಗಲಿಲ್ಲ. ರಬ್ಬರಿನ ಸಿಂಬಲ್ಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಒಮ್ಮೆ ಹೊಡೆದು, ಅಂಗೈ ಅದರ ಮೇಲಿಟ್ಟರು.

"ಇದು ನಡುಗುದಿಲ್ಲ ಅಲ್ವಾ?" ಎಂದರು.

"ನಡುಗುದು ಯಾಕೆ ಪೊರ್ಬುಗಳೇ, ಅದಕ್ಕೆ ಚಳಿಯಾ?" ಎಂದೆ ನಾನು. ಎಲ್ಲರೂ ಮತ್ತೆ ನಕ್ಕರು. ಹಾಸ್ಯಕ್ಕೆ ನಾನು ಹೆಸರುವಾಸಿ.

ಹೊಸ ಸೆಟ್ಟಿನ ಮೊದಲ ಪ್ರೋಗ್ರಾಮು ಮೂಡಬಿದ್ರೆಯ ಒಂದು ಮದುವೆ. ಎರಡನೇ ಹಾಡಿಗೇ ಪೊರ್ಬುಗಳ ತಾಳ ಹಿಂದೆ ಬಿತ್ತು. ಹದಿನೈದು ವರ್ಷ ಒಂದು ಪೆಟ್ಟು ತಪ್ಪದ ಮನುಷ್ಯ! ನಾನು ಕೀಬೋರ್ಡಿನಿಂದ ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ಬಾಗಿ, "ಕೇಳುದಿಲ್ಲ ಮಾಷ್ಟ್ರೆ" ಎಂದರು. ನಾನು ಮೈಕಿನವನಿಗೆ ಹೇಳಿ, ಅವರ ಕಾಲ ಬುಡದಲ್ಲಿದ್ದ ಸ್ಪೀಕರಿನ ಶಬ್ದ ಏರಿಸಿದೆ. ಆಮೇಲೆಯೂ ಅಷ್ಟೇ. ಬೆಳ್ತಂಗಡಿಯಲ್ಲಿ ಇನ್ನೂ ಮರ್ಯಾದೆ ಹೋಯಿತು. ಶಾಲಿನಿ ಹಾಡು ಮುಗಿಸಿ ಕೈಮುಗಿದು ನಿಂತಿದ್ದಾಳೆ, ಇವರು ತಲೆ ಕೆಳಗೆ ಹಾಕಿ ಹೊಡೆಯುತ್ತಲೇ ಇದ್ದಾರೆ. ಜನ ಶಿಳ್ಳೆ ಹಾಕಿದರು.

ನನಗೆ ಪಿತ್ತ ನೆತ್ತಿಗೇರಿತು. ಹೊಸದು ಬಂತೆಂದು ಈ ಮನುಷ್ಯನಿಗೆ ಹೊಟ್ಟೆಕಿಚ್ಚು, ಬೇಕೆಂದೇ ಹಾಳು ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. "ಹಳೇ ಸೆಟ್ಟಿನಲ್ಲೇ ಹೊಡೀತೇನೆ ಮಾಷ್ಟ್ರೆ" ಎಂದು ಎರಡು ಸಲ ಕೇಳಿಕೊಂಡರು. ಕೇಳಿದಷ್ಟು ನನ್ನ ಸಂಶಯ ಗಟ್ಟಿಯಾಯಿತು. ಹಳೇ ಸೆಟ್ಟನ್ನು ಅವರಿಗೆ ಹೇಳದೆಯೇ ಒಂದು ಬ್ಯಾಂಡಿನವರಿಗೆ ಮಾರಿಬಿಟ್ಟೆ. ಆಸೆ ಬಿಡಲಿ ಎಂದು.

ಹಾಗೂ ಹೀಗೂ ಏಳೆಂಟು ತಿಂಗಳು ಹೋಯಿತು. ಒಂದು ಭಾನುವಾರ ನಮ್ಮ ಚಾವಡಿಯಲ್ಲಿ ಪ್ರಾಕ್ಟೀಸು. ಹಮೀದ್ ಮತ್ತೆ ರಜೆಯಲ್ಲಿ ಬಂದಿದ್ದ. "ಹೇಗುಂಟು ಮಾಷ್ಟ್ರೆ ಹೊಸ ಡ್ರಮ್ಮು?" ಎಂದು ಕೇಳಿದ. ನಾನು ಪೊರ್ಬುಗಳ ಮುಖ ನೋಡಿಕೊಂಡೇ, ಎಲ್ಲರಿಗೂ ತಿಳಿಯಲಿ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: "ಡ್ರಮ್ಮು ಒಳ್ಳೇದುಂಟು ಮಾರಾಯ. ಪೊರ್ಬುಗಳು ಕೇಳುದಿಲ್ಲ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ತಲೆಯಾಡಿಸಿದರು. "ಹೌದು ಮಾಷ್ಟ್ರೆ. ಕೇಳುದಿಲ್ಲ" ಎಂದರು. ಹೇಳಿ ಸಣ್ಣಗೆ ನಕ್ಕರು ಕೂಡ.

ನೋಡಿ, ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಈ ಒಂದು ಶಬ್ದ ಎರಡರಲ್ಲಿಯೂ ಒಂದೇ ಥರ ಮೋಸ ಮಾಡುತ್ತದೆ. ತುಳುವಿನಲ್ಲಿ 'ಕೇಣುಜಿ' ಎಂದರೂ, ಕನ್ನಡದಲ್ಲಿ 'ಕೇಳುದಿಲ್ಲ' ಎಂದರೂ, ಕಿವಿಗೆ ಬೀಳುವುದಿಲ್ಲ ಎಂದೂ ಆಯಿತು, ಹೇಳಿದ ಮಾತಿಗೆ ಬಗ್ಗುವುದಿಲ್ಲ ಎಂದೂ ಆಯಿತು. ಮುಂದೆ 'ನನಗೆ' ಎಂದಿದ್ದರೆ ಒಂದು ಅರ್ಥ, 'ನಾನು' ಎಂದಿದ್ದರೆ ಇನ್ನೊಂದು. ವ್ಯತ್ಯಾಸ ಬರೀ ಒಂದು 'ಗೆ'. ಚತುರ್ಥಿ ವಿಭಕ್ತಿಯ ಪ್ರತ್ಯಯ. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಾನು ಅದನ್ನೇ ಕಲಿಸಿದ್ದು.

ಆ ದಿನ ನನಗೆ ಕಂಡದ್ದು ಬರೀ ಧಿಮಾಕು. ಮುಖಕ್ಕೆ ಮುಖ ಕೊಟ್ಟು 'ಕೇಳುದಿಲ್ಲ' ಎನ್ನುವಷ್ಟು! ವಾರದೊಳಗೆ ಪುತ್ತಿಗೆಯ ಪೋಸ್ಟ್‌ಮ್ಯಾನ್ ಒಬ್ಬರನ್ನು ಡ್ರಮ್ಮಿಗೆ ಗೊತ್ತುಮಾಡಿದೆ. ಪೊರ್ಬುಗಳಿಗೆ "ಎರಡು ಪ್ರೋಗ್ರಾಮ್ ರೆಸ್ಟ್ ತಗೊಳ್ಳಿ" ಎಂದೆ. ಅವರು ಯಾಕೆಂದು ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟು ದಿನ ಇಟ್ಟುಕೊಂಡ್ರಲ್ಲ ಮಾಷ್ಟ್ರೆ, ಉಪಕಾರ ಆಯ್ತು" ಎಂದು ಹೋದರು. ಚುಚ್ಚಿ ಹೇಳಿದರು ಎಂದು ನಾನು ಊಟದ ಹೊತ್ತಿಗೂ ಉರಿಯುತ್ತಿದ್ದೆ. ಎರಡು ಪ್ರೋಗ್ರಾಮ್ ಮುಗಿಯಿತು, ಇಪ್ಪತ್ತೂ ಮುಗಿಯಿತು. ನಾನು ಕರೆಯಲಿಲ್ಲ. ಅವರು ಮಿಲ್ಲು ಬಿಟ್ಟು ಹೆಂಡತಿಯ ಊರಿಗೆ, ಬೆಳ್ತಂಗಡಿಯ ಆಚೆ, ಹೋದರೆಂದು ಯಾರೋ ಹೇಳಿದರು.

ಕೆಲವು ವರ್ಷದ ಮೇಲೆ ಮೆಲ್ಕಾರಿನಲ್ಲಿ ಬಸ್ಸಿಗೆ ನಿಂತಿದ್ದಾಗ ಅವರ ಹೆಂಡತಿ ಲಿಲ್ಲಿಬಾಯಿ ಸಿಕ್ಕಿದರು. ನಾನು ಮುಖ ತಿರುಗಿಸುವಷ್ಟರಲ್ಲಿ ಅವರೇ ಮಾತಾಡಿಸಿದರು. ಹೇಗಿದ್ದಾರೆ ಪೊರ್ಬುಗಳು ಎಂದೆ.

"ಕಿವಿ ಒಂದು ಬಿಟ್ಟರೆ ಎಲ್ಲ ಸೌಖ್ಯ. ಅದು ನಿಮ್ಮಲ್ಲಿರುವಾಗಲೇ ಮುಕ್ಕಾಲು ಹೋಗಿತ್ತಲ್ಲ. ಮಿಲ್ಲಿನ ಶಬ್ದ, ಮೇಲೆ ಡ್ರಮ್ಮು. ನಿಮಗೆ ಗೊತ್ತುಂಟಲ್ಲ."

ನಾನು ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

"ಹಳೇ ಡ್ರಮ್ಮು ಇರುವಷ್ಟು ದಿನ ಹೇಗೋ ಸುಧಾರಿಸಿದ್ರು. ಸ್ಟೇಜಿನ ಹಲಗೆ ನಡುಗುದು ಕಾಲಿಗೆ ಗೊತ್ತಾಗ್ತದೆ, ಸ್ಟೂಲು ನಡುಗುದು ಬೆನ್ನಿಗೆ ಗೊತ್ತಾಗ್ತದೆ ಅಂತ ಹೇಳ್ತಿದ್ರು. ಅದಕ್ಕೇ ಅಲ್ವಾ ಚಪ್ಪಲಿ ಬಿಡುದು? ರಬ್ಬರಿನದ್ದರಲ್ಲಿ ಎಂತದೂ ಗೊತ್ತಾಗ್ಲಿಲ್ಲ. ಆದ್ರೆ ನಿಮ್ಮ ಹೆಸರು ಹೇಳದ ದಿನ ಇಲ್ಲ ಮಾಷ್ಟ್ರೆ. 'ಕಿವಿ ಕೇಳುದಿಲ್ಲ ಅಂತ ಎಲ್ಲರ ಎದುರು ಅವರೇ ನನ್ನ ಪರವಾಗಿ ಹೇಳಿದ್ರು, ನನಗೆ ಹೇಳಲಿಕ್ಕೆ ನಾಚಿಕೆ ಆಗ್ತಿತ್ತು. ಗೊತ್ತಿದ್ದೂ ಏಳೆಂಟು ತಿಂಗಳು ಇಟ್ಟುಕೊಂಡ್ರು, ದೊಡ್ಡ ಮನುಷ್ಯ' ಅಂತ."

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರ ಬಸ್ಸು ಬಂತು, ಅವರು ಹೋದರು. ನನ್ನ ಬಸ್ಸು ಬಂದು ಹೋದದ್ದು ನನಗೆ ಗೊತ್ತಾಗಲೇ ಇಲ್ಲ. ಅವರು ಸ್ಟೇಜಿನ ಮೇಲೆ ಬಾಗಿ 'ಕೇಳುದಿಲ್ಲ' ಎಂದದ್ದು ಸ್ಪೀಕರಿನ ವಿಷಯ ಅಲ್ಲ, ಕಿವಿಯ ವಿಷಯ. ಮರುದಿನವೇ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆ ಒಂದು ಕಡೆಯಾದರೆ, ನಿಜ ಹೇಳುತ್ತೇನೆ, ನನ್ನನ್ನು ದೊಡ್ಡ ಮನುಷ್ಯ ಎಂದು ತಿಳಿದವರು ಒಬ್ಬರಾದರೂ ಇರಲಿ ಎಂಬ ಆಸೆ ಇನ್ನೊಂದು ಕಡೆ. ಅದರಲ್ಲೇ ಆರು ವರ್ಷ ದಾಟಿತು. ಅಷ್ಟರಲ್ಲಿ ತಂಡವೂ ಮುಚ್ಚಿತು.

ಇವತ್ತು ಪೇಪರು ಮಡಚಿಟ್ಟು ಎದ್ದೆ. "ಎಲ್ಲಿಗೆ?" ಎಂದು ಹೆಂಡತಿ ಕೇಳಿದಾಗ "ಬೆಳ್ತಂಗಡಿ" ಎಂದೆ. ಮಧ್ಯಾಹ್ನದೊಳಗೆ ಅವರ ಅಂಗಳದಲ್ಲಿದ್ದೆ.

ಪೊರ್ಬುಗಳು ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದರು. ತೆಳ್ಳಗಾಗಿದ್ದಾರೆ. ಗುರುತು ಸಿಕ್ಕಿತು, ಎದ್ದು ನಿಂತರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದದ್ದನ್ನೆಲ್ಲ ಹೇಳಿದೆ. ನಿಮ್ಮನ್ನು ಹಟಮಾರಿ ಎಂದುಕೊಂಡೆ, ಅದಕ್ಕೇ ತೆಗೆದುಹಾಕಿದ್ದು, ತಪ್ಪಾಯ್ತು ಪೊರ್ಬುಗಳೇ ಎಂದೆ. ಅವರು ನಗುತ್ತಾ ತಲೆಯಾಡಿಸಿದರು. ಇನ್ನೂ ಜೋರಾಗಿ ಹೇಳಿದೆ. ಬೊಬ್ಬೆ ಹೊಡೆದೆ. ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು ನೋಡಿದಳು. ಲಿಲ್ಲಿಬಾಯಿ ಅಡುಗೆಮನೆಯಿಂದ ಹೊರಗೆ ಬಂದು, ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಕೇರಿಯಲ್ಲಿ ನನ್ನ ತಪ್ಪು ತಿಳಿಯದೆ ಉಳಿದವರು ಪೊರ್ಬುಗಳು ಒಬ್ಬರೇ.

"ಗೊತ್ತಾಯ್ತು, ಗೊತ್ತಾಯ್ತು" ಎಂದರು ಅವರು. ಮುಖ ಅರಳಿತ್ತು. "ಪ್ರೋಗ್ರಾಮ್ ಅಲ್ವಾ? ನೀವು ಬಂದೇ ಬರ್ತೀರಿ ಅಂತ ಇವಳಿಗೆ ಹೇಳಿದ್ದೆ. ಹಳೇ ಡ್ರಮ್ಮು ಉಂಟಲ್ಲ?"

ನಾನು ಲಿಲ್ಲಿಬಾಯಿಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನು ಉಂಟೆಂದು ತಲೆಯಾಡಿಸಿದೆ.

"ಯಾವಾಗ?"

ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು, ತುಟಿ ಅಗಲಿಸಿ, ಬಿಡಿಸಿ ಹೇಳಿದೆ: "ಐ-ತಾ-ರ." ಭಾನುವಾರ. ಅದೊಂದು ಮಾತು ಅವರಿಗೆ ಸರಿಯಾಗಿ ತಲುಪಿತು. ಒಳಗೆ ಹೋಗಿ ಬಿಳಿ ಶರ್ಟು ಹಾಕಿಕೊಂಡು, ಕುತ್ತಿಗೆಯವರೆಗೆ ಗುಂಡಿ ಹಾಕುತ್ತಾ ಹೊರಗೆ ಬಂದು ಮತ್ತೆ ಬೆಂಚಿನ ಮೇಲೆ ಕೂತರು.

ಲಿಲ್ಲಿಬಾಯಿ ಗೇಟಿನವರೆಗೆ ಬಂದರು. "ಸುಳ್ಳಾದ್ರೆ ಈಗಲೇ ಹೇಳಿ ಮಾಷ್ಟ್ರೆ. ನಾನು ಹೇಗಾದ್ರೂ ಅವರಿಗೆ ತಿಳಿಸ್ತೇನೆ."

"ಸುಳ್ಳಲ್ಲ" ಎಂದೆ.

ಈಗ ಸಂಜೆ. ಬಂದವನೇ ಹಮೀದನಿಗೂ ಶಾಲಿನಿಗೂ ಫೋನ್ ಮಾಡಿದೆ. ಹಾಡುತ್ತೇನೆ ಎಂದಳು, ಪುಣ್ಯಾತ್ಗಿತ್ತಿ. ನಿಮ್ಮಲ್ಲಿಯೂ ಅದಕ್ಕೇ ಹೇಳುತ್ತಿದ್ದೇನೆ. ಒಂದು ಹಳೇ ಡ್ರಮ್ ಸೆಟ್, ತೊಗಲು ಹರಿದದ್ದಾದರೂ ಅಡ್ಡಿಯಿಲ್ಲ, ನಿಮ್ಮ ಗುರುತಿನವರಲ್ಲಿ ಯಾರಲ್ಲಾದರೂ ಉಂಟಾ? ಇವತ್ತು ಗುರುವಾರ. ಆ ಮನುಷ್ಯ ಶರ್ಟು ಹಾಕಿಕೊಂಡು ಕೂತಿದ್ದಾರೆ.