ಗೋಡೆಯ ಮೇಲೆ ಮಾವನ ನಂಬರು

ಆ ಬೀದಿಯಲ್ಲಿ ಬೋರ್ಡ್ ಮಾವ ಬರೆಯದ ಬೋರ್ಡು ಹುಡುಕಿದರೂ ಸಿಗುವುದಿಲ್ಲ. ಕ್ಷೌರದಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರ ಹೆಸರೂ ಅವನ ಕುಂಚದಿಂದಲೇ ಇಳಿದದ್ದು. ಬಲಗಡೆಯ ಕೆಳಮೂಲೆಯಲ್ಲಿ ಕೆಂಪಗೆ ತನ್ನ ಮನೆಯ ಫೋನ್ ನಂಬರು ಬರೆಯುವ ತನಕ ಅವನ ಕೈಗೆ ಸಮಾಧಾನವಿಲ್ಲ. ಅಡುಗೆಮನೆಯ ಡಬ್ಬಿಯ ಮೇಲೆ 'ಸಕ್ಕರೆ' ಎಂದು ಬರೆದು ಅದರ ಕೆಳಗೂ ನಂಬರು ಹಾಕಿದ ಪುಣ್ಯಾತ್ಮ ಅವನು. ಸಕ್ಕರೆ ಮುಗಿದರೆ ನಿಮಗೇ ಫೋನ್ ಮಾಡಬೇಕೇ ಎಂದು ಹೆಂಡತಿ ಕೇಳಿ ಕೇಳಿ ಸುಸ್ತಾಗಿದ್ದಳು.

ಅವನ ಸೋದರ ಸೊಸೆ, ಅಂದರೆ ಅಕ್ಕನ ಮಗಳು, ಕುಂಚ ಹಿಡಿಯಲು ಕಲಿತದ್ದು ಅವನ ಅಂಗಡಿಯಲ್ಲೇ. ಮಕ್ಕಳಿಲ್ಲದ ಮಾವನಿಗೆ ಅವಳೆಂದರೆ ಪ್ರಾಣ. ಅವಳು ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ಒಂದು ಚಿತ್ರಕಾದಂಬರಿ ಬರೆದಳು. ಈ ಕಾಲದ ಗಡಿಯಾರ ರಿಪೇರಿಯವಳಿಗೂ ಇನ್ನೂರು ವರ್ಷ ಮುಂದಿನ ಪೈಲಟ್‌ಗೂ ಪ್ರೇಮ. ಕೊನೆಯ ಪುಟದಲ್ಲಿ ಕಾಲಯಂತ್ರ ಅವನನ್ನು ಎಳೆದುಕೊಂಡು ಹೋಗುವ ಮುನ್ನ, ಅವಳ ಅಂಗಡಿಯೆದುರಿನ ಗೋಡೆಯ ಮೇಲೆ 'ಕಾಯುತ್ತಿರು, ಬಂದೇ ಬರುತ್ತೇನೆ' ಎಂದು ಬರೆಯುತ್ತಾನೆ. ಆ ಅಕ್ಷರಕ್ಕೆ ಕಂಪ್ಯೂಟರ್ ಬೇಡ, ಮಾವನ ಕೈಯೇ ಬೇಕೆಂದು ಸೊಸೆ ಹಟ ಹಿಡಿದಳು. ಬರೆಯುವಾಗ ಮಾವನಿಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದರೇನು, ಕೈ ತನ್ನ ರೂಢಿ ಬಿಡಲಿಲ್ಲ. ಮೂಲೆಗೆ ನಂಬರು ಬಿತ್ತು. ಮಾವನ ಅಕ್ಷರದ ಕೆಳಗೆ ಚಿಕ್ಕಂದಿನಿಂದ ಅದನ್ನು ನೋಡುತ್ತಲೇ ಬೆಳೆದವಳಿಗೆ ಅದು ಇದೆ ಎಂದೇ ಅನ್ನಿಸಲಿಲ್ಲ. ಪುಸ್ತಕ ಹಾಗೆಯೇ ಅಚ್ಚಾಯಿತು.

ಓದಿದವರು ಸುಮ್ಮನಿರಬೇಕಲ್ಲ. ಪೈಲಟ್ ಇದ್ದಾರೆಯೇ ಎಂದು ಫೋನ್ ಮೇಲೆ ಫೋನ್. ಸುದ್ದಿ ಕೇಳಿದ ಸೊಸೆ ಓಡಿಬಂದು, ಕೊನೆಯ ಪುಟ ಬಿಡಿಸಿ ಮಾವನ ಮುಂದೆ ಹಿಡಿದಳು.

"ಇದಕ್ಕೆ ಪ್ರಾಣ ತೇಯ್ದಿದ್ದೀನಿ ಮಾವ. ಕೊನೇಲಿ ನಿಮ್ಮ ಅಂಗಡಿ ಜಾಹೀರಾತು ಮಾಡ್ಬಿಟ್ರಲ್ಲ."

ಅತ್ತೆ ಕೊಟ್ಟ ಚಹಾ ಮುಟ್ಟದೆ ಹೊರಟುಹೋದಳು. ಮತ್ತೆ ಬರಲಿಲ್ಲ, ಮಾವ ಫೋನ್ ಮಾಡಿದರೆ ಎತ್ತಲೂ ಇಲ್ಲ. ಮಾವ ಚಿತ್ರದ ಗೋಡೆಗೆ ಹೊಂದುವ ಇಟ್ಟಿಗೆ ಬಣ್ಣದ ಡಬ್ಬಿ ಹಿಡಿದು ಪುಸ್ತಕದಂಗಡಿಗೆ ನುಗ್ಗಿ, ಒಂದೊಂದೇ ಪ್ರತಿ ತೆಗೆದು ನಂಬರಿನ ಮೇಲೆ ಬಳಿಯತೊಡಗಿದ. ಅಂಗಡಿಯವನು ಕತ್ತು ಹಿಡಿದು ಹೊರಗೆ ದಬ್ಬಿದ. ಆ ಅಂಗಡಿಗೆ ಬೋರ್ಡು ಬರೆದವನೂ ಇವನೇ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಫೋನ್ ಮಾತ್ರ ನಿಲ್ಲಲಿಲ್ಲ. ಮೊದಮೊದಲು ಬೈದು ಇಡುತ್ತಿದ್ದ ಹೆಂಡತಿ, ಯಾರೋ ಅಪರಿಚಿತ ಹೆಂಗಸು ಬಿಕ್ಕುತ್ತಾ ಅವನು ಬಂದನೇ ಎಂದು ಕೇಳಿದಾಗ ಕರಗಿಹೋದಳು.

"ಇನ್ನೂ ಬಂದಿಲ್ಲಮ್ಮ. ಕಾಯ್ತಾ ಇದ್ದೀವಿ" ಎಂದಳು.

ಅಂದಿನಿಂದ ಎಲ್ಲರಿಗೂ ಅದೇ ಉತ್ತರ. ಆ ಉತ್ತರ ಕೇಳುವುದಕ್ಕೆಂದೇ ಜನ ಪುಸ್ತಕ ಕೊಳ್ಳತೊಡಗಿದರು. ಅದು ಸೊಸೆಯ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮಿಕ್ಸಿ ಮನೆ ಕಿತ್ತುಹೋಗುವಂತೆ ಗರಗರ ಎನ್ನುತ್ತಿತ್ತು. ಪಕ್ಕದಲ್ಲೇ ಇದ್ದ ಫೋನನ್ನು ಮಾವನೇ ಎತ್ತಿದ. ಆ ಕಡೆಯವರು ಕೇಳುವ ಮೊದಲೇ ಉತ್ತರ ಕೊಟ್ಟ. ಪೈಲಟ್‌ನನ್ನು ನೆನೆದನೋ ಸೊಸೆಯನ್ನು ನೆನೆದನೋ, ಅವನ ದನಿ ಒಡೆದಿತ್ತು.

"ಇನ್ನೂ ಬಂದಿಲ್ಲ. ಕಾಯ್ತಾ ಇದ್ದೀವಿ."

"ಬಂದಿದ್ದೀನಿ ಮಾವ. ಆಗಿಂದ ಬಾಗಿಲು ಬಡೀತಾ ಇದ್ದೀನಿ. ಫೋನಾದ್ರೂ ಎತ್ತುತೀರೇನೋ ಅಂತ ಮಾಡ್ದೆ."