ಮೊದಲ ಏಡಿ

ಮೊನ್ನೆ ಕುರುಗೋಡಿನ ಸಂತೆಯಲ್ಲಿ ಏಡಿಯ ಬುಟ್ಟಿಯ ಪಕ್ಕ ಹಾದಾಗ ಹಸಿ ಕೆಸರಿನ ವಾಸನೆ ಬಂತು. ಅಕ್ಕನ ಸೆರಗಿನ ವಾಸನೆ ಅದು...

ಅಕ್ಕನನ್ನು ಸಿರುಗುಪ್ಪದ ಕಡೆ, ಹಳ್ಳದ ದಂಡೆಯ ಊರಿಗೆ ಕೊಟ್ಟಿದ್ದರು. ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿದು ಮಾರುತ್ತಿದ್ದಳು. ದಿನದ ಮೊದಲ ಏಡಿ ಗಂಗಮ್ಮನದೆಂದು ತಿರುಗಿ ನೀರಿಗೆ ಬಿಡುವುದು ಆ ಮನೆಯ ಪದ್ಧತಿ. ಒಂದು ದಿನ ನಾನು ಹಸಿದು ಅವಳ ಮನೆಗೆ ಹೋದೆ. ಅವಳಿಗೆ ಸಿಕ್ಕಿದ್ದು ಒಂದೇ ಏಡಿ. ಅದನ್ನೇ ಸಾರು ಮಾಡಿದಳು.

"ಉಣ್ಣಲೇ, ಗಂಗಮ್ಮಗ ನಾಳಿ ಎರಡು ಬಿಟ್ರಾತು."

ಆಗ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ತೊಳೆಯುವವರ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದೆ. ಬಟ್ಟೆ ಬೆವರು ನಾರದಿರಲೆಂದು ಅದನ್ನು ನ್ಯಾನೋ ಬೆಳ್ಳಿಯ ನೀರಿನಲ್ಲಿ ಅದ್ದುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ, ಕ್ರಿಮಿಯ ಮೈಯೊಳಗೆ ಹೊಕ್ಕು ಕೊಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಉಳಿದ ನೀರಿನ ಡ್ರಮ್ಮುಗಳನ್ನು ದೂರ ಚೆಲ್ಲಿ ಬಾ ಅಂದರು. ನನಗೆ ಗೊತ್ತಿದ್ದ ದೂರದ ಜಾಗ ಅಕ್ಕನ ಊರಿನ ಹಳ್ಳ. ಊರಿಗಿಂತ ಮೇಲಕ್ಕೆ ಚೆಲ್ಲಿ, ಅವಳ ಮನೆಯಲ್ಲಿ ಉಂಡು ಬರುತ್ತಿದ್ದೆ.

ಮೊದಲು ಏಡಿಗಳು ಓಡುವುದನ್ನು ಬಿಟ್ಟವು. ಹಿಡಿದರೂ ಕಚ್ಚುತ್ತಿರಲಿಲ್ಲ. ಅಕ್ಕನಿಗೆ ಹಿಗ್ಗು. ನಾನು ಸೋಮವಾರ, ಶನಿವಾರ ಎಂದು ನೆಪ ಹೇಳಿ ತಿನ್ನುವುದನ್ನು ಬಿಟ್ಟೆ. ಅವಳು ತಿಂದಳು, ಮಗಳಿಗೂ ತಿನ್ನಿಸಿದಳು. ಆಮೇಲೆ ಬಸವನಹುಳು, ಏಡಿ, ಕೆಸರಿನಲ್ಲಿದ್ದದ್ದೆಲ್ಲ ಸತ್ತಿತು.

"ಗಂಗಮ್ಮನ ಪಾಲು ತಮ್ಮನ ಹೊಟ್ಟಿಗೆ ಹಾಕ್ಯಾಳ. ಹಳ್ಳ ಹೆಂಗ ಉಳೀತೈತಿ?" ಎಂದು ಅವಳ ಅತ್ತೆ ದಿನವೂ ಚುಚ್ಚಿದಳು.

ಒಂದು ಸಂಜೆ ಅಕ್ಕ ನನ್ನನ್ನೇ ಕೇಳಿದಳು. "ಹೌದೇನಲೇ? ನನ್ನಿಂದನಾ?"

ಖಾಲಿ ಡ್ರಮ್ಮುಗಳು ಬಾಗಿಲಲ್ಲೇ ಟಂಟಂನಲ್ಲಿದ್ದವು.

"ಮತ್ತ್ಯಾಕ ಉಣಿಸಿದಿ? ನಾ ಕೇಳಿದ್ನೇನು?" ಎಂದೆ.

ಅಂದಿನಿಂದ ಅಕ್ಕ ನನಗೆ ಕೈಯಾರೆ ಬಡಿಸಲಿಲ್ಲ. ತನ್ನ ಕೈ ಕೆಟ್ಟದ್ದೆಂದು ಮಗಳಿಂದ ಬಡಿಸುತ್ತಿದ್ದಳು. ಬೆಳಿಗ್ಗೆ ಎದ್ದರೆ ಸತ್ತ ಹಳ್ಳದ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಹೋದ ವರ್ಷ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಕೊನೆಯ ಗಳಿಗೆಯಲ್ಲೂ ಅಂದದ್ದು ಅದೇ: "ಗಂಗಮ್ಮಗ ಎರಡು ಬಿಡೋದು ಐತಲೇ..."

ಡ್ರಮ್ಮಿನ ನೀರಿನ ಸಂಗತಿ ತಿಳಿಯದೆಯೇ ಹೋದಳು.

ಟಂಟಂ ಈಗ ಬೇರೆಯವನು ಓಡಿಸುತ್ತಾನೆ. ಚೆಲ್ಲುವ ಜಾಗ ತೋರಿಸಿಕೊಟ್ಟವನು ನಾನು.

ಸಂತೆಯಿಂದ ಎರಡು ಏಡಿ ತಂದು ಹಳ್ಳಕ್ಕೆ ಬಿಟ್ಟೆ. ಎರಡೂ ತಿರುಗಿ ದಂಡೆಗೆ ಹತ್ತಿದವು. ಮತ್ತೆ ತಳ್ಳಿದೆ. ಮತ್ತೆ ಹತ್ತಿ, ನನ್ನ ಕಾಲ ಬಳಿ ನಿಂತವು...